ಮಿನುಗುವ ಹೆಂಚು, ಮಾಯವಾಗುವ ರಂಗೋಲಿ: ಹಲವು ಪಾಸ್‌ಗಳ ಚಿತ್ರಣದಲ್ಲಿ ಡೆಪ್ತ್ ದೋಷ ಹುಡುಕುವುದು ಹೇಗೆ

ಹಲವು ಪಾಸ್‌ಗಳಲ್ಲಿ, ಅಂದರೆ ಒಂದೇ ಫ್ರೇಮಿಗೆ ಹಲವು ಸುತ್ತು ಹಾಕಿ, ಬಿಡಿಸುವ 3ಡಿ ದೃಶ್ಯ ಮಿನುಗಲು ಶುರುವಾದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಪಾಲಿಗಾನ್ ಆಫ್‌ಸೆಟ್ ಕಡೆಗೆ, ಅಂದರೆ ಮೇಲ್ಮೈಯ ಆಳವನ್ನು ತುಸು ಹಿಂದೆಮುಂದೆ ಸರಿಸುವ ಆಯ್ಕೆಯ ಕಡೆಗೆ. ಒಂದು ಸಂಖ್ಯೆ ಹಾಕುತ್ತಾರೆ. ನಿಲ್ಲದಿದ್ದರೆ ಇನ್ನೂ ಜಾಸ್ತಿ ಮಾಡುತ್ತಾರೆ. ನಿಂತ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆಮೇಲೆ ಬೇರೊಂದು ಫೋನಿನಲ್ಲಿ ಅದೇ ಮಿನುಗು ಮತ್ತೆ ಬರುತ್ತದೆ. ದೋಷ ಎಲ್ಲಿದೆ ಎಂದು ಅಳೆಯದೆ ಆಫ್‌ಸೆಟ್ ಮುಟ್ಟಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಳೆಯುವುದು ಕಷ್ಟದ ಕೆಲಸವೂ ಅಲ್ಲ.

ಉದಾಹರಣೆಗೆ ನಮ್ಮೂರಿನದೇ ಎರಡು ದೃಶ್ಯ ಇಟ್ಟುಕೊಳ್ಳೋಣ. ಒಂದು, ಲಕ್ಷದೀಪೋತ್ಸವದ ರಾತ್ರಿಯ ಉಡುಪಿ ರಥಬೀದಿ. ಸುತ್ತ ಅಷ್ಟಮಠಗಳು, ಹೆಂಚಿನ ಮಾಡು, ನೆಲದ ಮೇಲೆ ರಂಗೋಲಿ, ಸಾಲು ಸಾಲು ಹಣತೆ, ನಡುವೆ ಚಲಿಸುವ ತೇರು. ಇನ್ನೊಂದು, ಮಲ್ಪೆ ಬೀಚಿನಿಂದ ಸೈಂಟ್ ಮೇರೀಸ್ ದ್ವೀಪದ ಕಡೆಗಿನ ನೋಟ. ಮೊದಲನೆಯದರಲ್ಲಿ ಪಾಸ್‌ಗಳ ಸಂಖ್ಯೆ ಜಾಸ್ತಿ, ಎರಡನೆಯದರಲ್ಲಿ ದೂರ ಜಾಸ್ತಿ. ಡೆಪ್ತ್ ದೋಷಗಳಲ್ಲಿ, ಅಂದರೆ ಕ್ಯಾಮೆರಾದಿಂದ ಇರುವ ಆಳದ ಲೆಕ್ಕ ತಪ್ಪುವ ದೋಷಗಳಲ್ಲಿ, ಬಹುಪಾಲು ಈ ಎರಡರಲ್ಲಿ ಸಿಕ್ಕಿಬಿಡುತ್ತವೆ.

ರಥಬೀದಿಯ ಒಂದು ಫ್ರೇಮ್ ಹೀಗೆ ಸಾಗುತ್ತದೆ ಎಂದುಕೊಳ್ಳಿ. ಮೊದಲು ಡೆಪ್ತ್ ಪ್ರೀಪಾಸ್. ಇದರಲ್ಲಿ ಬಣ್ಣವಿಲ್ಲ, ಆಳ ಮಾತ್ರ ಬರೆಯುತ್ತೇವೆ. ಆಮೇಲೆ ಮಂದ ಬೆಳಕಿನ ಪಾಸ್. ಅದರ ಮೇಲೆ ದೀಪಗಳ ಒಂದೊಂದು ಗುಂಪಿಗೆ ಒಂದೊಂದು ಪಾಸ್. ಇಲ್ಲಿ ಅದೇ ಆಕಾರಗಳನ್ನು ಮತ್ತೆ ಬಿಡಿಸಿ, ಬೆಳಕನ್ನು ಹಳೆಯ ಬಣ್ಣಕ್ಕೆ ಕೂಡಿಸುತ್ತೇವೆ. ನಂತರ ರಂಗೋಲಿ. ಕೊನೆಗೆ ಜ್ವಾಲೆ, ಹೊಗೆ ಮುಂತಾದ ಪಾರದರ್ಶಕ ವಸ್ತುಗಳು. ಪ್ರೀಪಾಸ್ ಬರೆದಿಟ್ಟ ಆಳವನ್ನು ಉಳಿದ ಎಲ್ಲ ಪಾಸ್‌ಗಳೂ ನಂಬಬೇಕು. ಆ ನಂಬಿಕೆ ನಿಲ್ಲಬೇಕಾದರೆ ಎಲ್ಲ ಪಾಸ್‌ಗಳಲ್ಲೂ ಬಿಂದುಗಳ ಸ್ಥಾನ ಒಂದೇ ಆಗಿರಬೇಕು, ಬಫರ್ (ಪ್ರತಿ ಪಿಕ್ಸೆಲಿನ ಆಳ ಬರೆದಿಡುವ ನೆನಪಿನ ಜಾಗ) ಒಂದೇ ಆಗಿರಬೇಕು, ಹೋಲಿಸುವ ನಿಯಮ ಹೊಂದಬೇಕು. ಯಾವುದೋ ಒಂದು ಕೈಕೊಟ್ಟಾಗ ಕಣ್ಣಿಗೆ ಕಾಣುವುದೇ ಈ ಮಿನುಗು, ಕಪ್ಪು ಚುಕ್ಕೆ, ಕಾಣೆಯಾದ ಬೆಳಕು.

ಮುಟ್ಟುವ ಮೊದಲು ನೋಡಿ

ಕ್ಯಾಮೆರಾ ನಿಲ್ಲಿಸಿ. ಮಿನುಗು ನಿಂತು, ಚುಕ್ಕೆಗಳು ಇದ್ದಲ್ಲೇ ಉಳಿದರೆ ಲೆಕ್ಕಾಚಾರದ ವ್ಯತ್ಯಾಸ. ಕ್ಯಾಮೆರಾ ನಿಂತರೂ ಮಿನುಗುತ್ತಿದ್ದರೆ ಫ್ರೇಮಿನಿಂದ ಫ್ರೇಮಿಗೆ ಏನೋ ಬದಲಾಗುತ್ತಿದೆ: ಸಮಯ, ಕ್ಯಾಮೆರಾಕ್ಕೆ ಬೇಕೆಂದೇ ಕೊಟ್ಟ ಸಣ್ಣ ಅಲುಗಾಟ, ಅಥವಾ ಬಫರಿನ ಒಳಗಿನ ಹಳೆಯ ಕಸ.

ಈಗ ನಿಯರ್ ಪ್ಲೇನನ್ನು, ಅಂದರೆ ಕ್ಯಾಮೆರಾ ಬಿಡಿಸಲು ಶುರು ಮಾಡುವ ಅತಿ ಹತ್ತಿರದ ಗಡಿಯನ್ನು, ಹತ್ತು ಪಟ್ಟು ದೂರ ತಳ್ಳಿ. ಹತ್ತಿರದ ಕಂಬ ಕತ್ತರಿಸಿ ಹೋದರೂ ಪರವಾಗಿಲ್ಲ, ಇದು ಪರೀಕ್ಷೆ ಮಾತ್ರ. ಪಟ್ಟೆಗಳು ತೆಳುವಾದರೆ ಅಥವಾ ದೂರ ಸರಿದರೆ ಬಫರಿನ ನಿಖರತೆ ಸಾಲುತ್ತಿಲ್ಲ. ಒಂದಿಷ್ಟೂ ಬದಲಾಗದಿದ್ದರೆ ನಿಖರತೆಯ ಹಿಂದೆ ಬೀಳಬೇಡಿ.

ದೋಷದ ಆಕಾರವೂ ಮಾತಾಡುತ್ತದೆ. ಎರಡು ಬೇರೆ ಬೇರೆ ಮೇಲ್ಮೈಗಳು ಒಂದೇ ಜಾಗಕ್ಕೆ ಜಗಳವಾಡಿದರೆ ಪಟ್ಟೆಗಳೋ ಚೂಪು ತ್ರಿಕೋನಗಳೋ ಕಾಣುತ್ತವೆ, ಕ್ಯಾಮೆರಾ ಸರಿದಂತೆ ಹರಿದಾಡುತ್ತವೆ. ಒಂದೇ ಮೇಲ್ಮೈಯನ್ನು ಎರಡು ಪಾಸ್‌ಗಳು ತುಸು ಬೇರೆಯಾಗಿ ಲೆಕ್ಕ ಹಾಕಿದರೆ ಮರಳು ಎರಚಿದಂತೆ ಚುಕ್ಕೆ ಚುಕ್ಕೆ. ತೇರು ಹೋದ ದಾರಿಯಲ್ಲಿ ತೇರಿನ ಆಕಾರದ ತೂತು ಉಳಿದರೆ ಹಳೆಯ ಆಳ ಅಳಿಸಿಲ್ಲ. ಹಿಂದಿನ ಗೋಡೆ ಮುಂದಿನ ಕಂಬದ ಮೇಲೆ ಬಂದರೆ ಡೆಪ್ತ್ ಪರೀಕ್ಷೆಯೇ ನಡೆಯುತ್ತಿಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ ಬೇರೆ ಇದೆ. ಪ್ರೀಪಾಸ್ ಮುಗಿದ ಕೂಡಲೇ ಅದರ ಡೆಪ್ತನ್ನು ಇನ್ನೊಂದು ಟೆಕ್ಸ್‌ಚರಿಗೆ (ಶೇಡರ್ ಓದಬಲ್ಲ ಚಿತ್ರಕ್ಕೆ) ನಕಲು ಮಾಡಿ. ದೀಪದ ಪಾಸಿನಲ್ಲಿ ಡೆಪ್ತ್ ಹೋಲಿಕೆಯನ್ನು 'ಆಲ್ವೇಸ್' (ಯಾವ ಆಳವಾದರೂ ಸರಿ) ಮಾಡಿ, ಆಳದ ಬರವಣಿಗೆ ನಿಲ್ಲಿಸಿ. ಶೇಡರಿನಲ್ಲಿ, ಅಂದರೆ ಬಿಂದು ಮತ್ತು ಪಿಕ್ಸೆಲ್‌ಗಳ ಲೆಕ್ಕ ಹಾಕಲು ಚಿತ್ರಣದ ಚಿಪ್ಪಾದ ಜಿಪಿಯುನಲ್ಲಿ ಓಡುವ ಪ್ರೋಗ್ರಾಮಿನಲ್ಲಿ, ಬೆಳಕಿನ ಲೆಕ್ಕ ತೆಗೆದು, ಈ ಪಿಕ್ಸೆಲಿನ ಆಳಕ್ಕೂ ನಕಲಿನಲ್ಲಿರುವ ಆಳಕ್ಕೂ ಇರುವ ವ್ಯತ್ಯಾಸವನ್ನು ಬಣ್ಣವಾಗಿ ತೋರಿಸಿ. 24 ಬಿಟ್ ಬಫರ್ ಆದರೆ ವ್ಯತ್ಯಾಸವನ್ನು 2ರ 24ನೇ ಘಾತದಿಂದ, ಅಂದರೆ 1,67,77,216ರಿಂದ ಗುಣಿಸಿದರೆ ಎಷ್ಟು ಹೆಜ್ಜೆ (ಬಫರ್ ಗುರುತಿಸಬಲ್ಲ ಅತಿ ಸಣ್ಣ ಅಂತರ) ಎಂಬ ಲೆಕ್ಕ ಸಿಗುತ್ತದೆ. ಹಿಂದೆ ಅಡಗಿರುವ ಮೇಲ್ಮೈಗಳು ಅಡ್ಡ ಬಾರದಿರಲು ಒಂದೇ ಮಾಡು, ಒಂದೇ ಗೋಡೆ ಇಟ್ಟುಕೊಂಡು ಇದನ್ನು ಮಾಡಿ.

ಒಂದೆರಡು ಹೆಜ್ಜೆ ವ್ಯತ್ಯಾಸವಿದ್ದರೆ ಎರಡು ಶೇಡರ್‌ಗಳ ಗಣಿತ ಹೊಂದುತ್ತಿಲ್ಲ. ನೂರಾರು ಹೆಜ್ಜೆ ಇದ್ದರೆ ಆಕಾರವೇ ಬೇರೆ: ಬೇರೆ ಸಮಯ, ಬೇರೆ ಮಾದರಿ, ಬೇರೆ ಕ್ಯಾಮೆರಾ. ತಾಳಮೇಳವಿಲ್ಲದ ಸಂಖ್ಯೆಗಳು ಬಂದರೆ ಬಫರಿನ ಒಳಗೆ ಇರಬೇಕಾದದ್ದು ಇಲ್ಲ. ಸೊನ್ನೆ ಬಂದರೆ ಸ್ಥಾನ ಸರಿಯಿದೆ, ತಪ್ಪು ನಿಯಮದಲ್ಲಿದೆ. ಇಷ್ಟು ತಿಳಿದರೆ ಮುಂದೆ ಎಲ್ಲಿ ಕೈ ಹಾಕಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಉಪಕರಣ ಬೇಕಿದ್ದರೆ ರೆಂಡರ್‌ಡಾಕ್ ಇದೆ, ಉಚಿತ. ಒಂದು ಫ್ರೇಮ್ ಹಿಡಿದು ಪ್ರತಿ ಡ್ರಾ ಕಾಲ್ (ಬಿಡಿಸು ಎಂಬ ಒಂದೊಂದು ಆಜ್ಞೆ) ಆದ ಮೇಲೆ ಡೆಪ್ತ್ ಹೇಗಿದೆ ಎಂದು ನೋಡಬಹುದು. ಮೊದಲ ನೋಟಕ್ಕೆ ಡೆಪ್ತ್ ಚಿತ್ರ ಬರೀ ಬಿಳಿ ಕಾಣುತ್ತದೆ. ಬೆಲೆಗಳೆಲ್ಲ 1ರ ಹತ್ತಿರ ಗುಂಪಾಗಿರುವುದೇ ಕಾರಣ. ತೋರಿಸುವ ವ್ಯಾಪ್ತಿಯನ್ನು 0.99ರಿಂದ 1ಕ್ಕೆ ಕಿರಿದು ಮಾಡಿದರೆ ಬೀದಿ ಎದ್ದು ಬರುತ್ತದೆ. ಒಂದು ಪಿಕ್ಸೆಲಿನ ಇತಿಹಾಸ ತೋರಿಸುವ ಸೌಲಭ್ಯ ವಲ್ಕನ್ ಮತ್ತು ಡೈರೆಕ್ಟ್‌3ಡಿಯಲ್ಲಿ ಸಿಗುತ್ತದೆ (ಇವೂ ಮುಂದೆ ಬರುವ ಓಪನ್‌ಜಿಎಲ್, ಮೆಟಲ್, ವೆಬ್‌ಜಿಪಿಯುಗಳೂ ಜಿಪಿಯುಗೆ ಆಜ್ಞೆ ಕೊಡುವ ಬೇರೆ ಬೇರೆ ವ್ಯವಸ್ಥೆಗಳು). ಬ್ರೌಸರಿನ ವೆಬ್‌ಜಿಎಲ್‌ಗೆ ಸ್ಪೆಕ್ಟರ್ ಜೆಎಸ್ ಸಾಕು.

ಒಂದೇ ಹೆಂಚು, ಎರಡು ಸ್ಥಾನ

ಪ್ರೀಪಾಸ್ ಆದ ಮೇಲೆ ದೀಪದ ಪಾಸ್‌ಗಳಲ್ಲಿ ಹೋಲಿಕೆಯನ್ನು 'ಈಕ್ವಲ್' ಇಡುವುದು ರೂಢಿ. ಬರೆದಿಟ್ಟ ಆಳಕ್ಕೆ ಸರಿಸಮ ಇದ್ದರೆ ಮಾತ್ರ ಬೆಳಕು ಕೂಡು ಎಂದು ಅರ್ಥ. ಕೊನೆಯ ಒಂದು ಬಿಟ್ ಆಚೀಚೆ ಆದರೂ ಆ ಪಿಕ್ಸೆಲಿಗೆ ಬೆಳಕಿಲ್ಲ. ಹೆಂಚಿನ ಮೇಲೆ ಕಪ್ಪು ಚುಕ್ಕೆಗಳು ಬರುವುದು ಹೀಗೆ.

ಕೊನೆಯ ಬಿಟ್ ಯಾಕೆ ಬದಲಾಗುತ್ತದೆ? ಪ್ರೀಪಾಸಿನ ಶೇಡರ್ ಚಿಕ್ಕದು. ಅದರಲ್ಲಿ ಪ್ರೊಜೆಕ್ಷನ್, ವ್ಯೂ, ಮಾಡೆಲ್ ಮ್ಯಾಟ್ರಿಕ್ಸ್‌ಗಳನ್ನು (ವಸ್ತುವಿನ ಬಿಂದುಗಳನ್ನು ತೆರೆಯ ಸ್ಥಾನಕ್ಕೆ ತರುವ ಅಂಕಿಗಳ ಕೋಷ್ಟಕಗಳನ್ನು) ಮೊದಲೇ ಗುಣಿಸಿ ಒಂದೇ ಮ್ಯಾಟ್ರಿಕ್ಸ್ ಕಳಿಸಿರುತ್ತೇವೆ. ದೀಪದ ಶೇಡರಿಗೆ ಜಗತ್ತಿನಲ್ಲಿನ ಸ್ಥಾನವೂ ಬೇಕು, ಹಾಗಾಗಿ ಅಲ್ಲಿ ಹಂತ ಹಂತವಾಗಿ ಗುಣಿಸುತ್ತೇವೆ. ಕಾಗದದ ಮೇಲೆ ಎರಡೂ ಒಂದೇ. ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಅಲ್ಲ. ಗುಣಿಸುವ ಕ್ರಮ ಬದಲಾದರೆ ಕೊನೆಯ ಅಂಕಿಯ ಸುತ್ತುವಿಕೆ ಬದಲಾಗುತ್ತದೆ. ಸಾಲದ್ದಕ್ಕೆ, ಬರೆದ ಸಾಲು ಅಕ್ಷರಶಃ ಒಂದೇ ಆಗಿದ್ದರೂ ಕಂಪೈಲರ್ ಒಂದು ಶೇಡರಿನಲ್ಲಿ ಗುಣಾಕಾರ ಮತ್ತು ಕೂಡಿಕೆಯನ್ನು ಒಟ್ಟು ಸೇರಿಸಬಹುದು, ಇನ್ನೊಂದರಲ್ಲಿ ಬೇರೆಯಾಗಿ ಇಡಬಹುದು. ಅದಕ್ಕೇ ಇದು ಒಂದು ಕಂಪೆನಿಯ ಜಿಪಿಯುನಲ್ಲಿ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ.

ಪರಿಹಾರ ಎರಡು ಭಾಗದಲ್ಲಿದೆ, ಎರಡೂ ಬೇಕು. ಎರಡೂ ಶೇಡರ್‌ಗಳಲ್ಲಿ ಸ್ಥಾನದ ಲೆಕ್ಕ ಒಂದೇ ಸಾಲು, ಒಂದೇ ಇನ್‌ಪುಟ್, ಒಂದೇ ಕ್ರಮ ಇರಲಿ. ಜೊತೆಗೆ ಓಪನ್‌ಜಿಎಲ್‌ನ ಶೇಡರ್ ಭಾಷೆಯಾದ ಜಿಎಲ್‌ಎಸ್‌ಎಲ್‌ನಲ್ಲಿ ಸ್ಥಾನದ ಔಟ್‌ಪುಟ್‌ಗೆ 'ಇನ್ವೇರಿಯಂಟ್' ಎಂಬ ಗುರುತು ಎರಡೂ ಕಡೆ ಹಾಕಿ. ಒಂದು ಕಡೆ ಹಾಕಿದರೆ ಪ್ರಯೋಜನವಿಲ್ಲ. ವೆಬ್‌ಜಿಪಿಯುನಲ್ಲೂ ಇದೇ ಹೆಸರಿನ ಗುರುತು ಇದೆ. ಡೈರೆಕ್ಟ್‌3ಡಿಯ ಎಚ್‌ಎಲ್‌ಎಸ್‌ಎಲ್‌ನಲ್ಲಿ 'ಪ್ರಿಸೈಸ್' ಬಳಸುತ್ತಾರೆ. ಮೆಟಲ್‌ನಲ್ಲಿ ಗುರುತಿನ ಜೊತೆ ಕಂಪೈಲ್ ಮಾಡುವಾಗಲೂ ಆ ಆಯ್ಕೆ ಕೊಡಬೇಕು. ಸ್ಥಾನದ ಲೆಕ್ಕವನ್ನು ಒಂದೇ ಕಡತದಲ್ಲಿ ಇಟ್ಟು ಎರಡೂ ಶೇಡರ್‌ಗಳಿಗೆ ಸೇರಿಸಿದರೆ ನಾಳೆ ಯಾರೋ ಒಂದನ್ನು ಮಾತ್ರ ತಿದ್ದುವ ಅಪಾಯವೂ ತಪ್ಪುತ್ತದೆ.

'ಈಕ್ವಲ್' ಬದಲು 'ಲೆಸ್ ಈಕ್ವಲ್' (ಹತ್ತಿರವಿದ್ದರೂ ಸರಿ, ಸಮವಿದ್ದರೂ ಸರಿ) ಹಾಕಿದರೆ ಸರಿಯಾಗುತ್ತದೆ ಅನ್ನುವವರಿದ್ದಾರೆ. ಆಗುವುದಿಲ್ಲ. ವ್ಯತ್ಯಾಸ ಹತ್ತಿರದ ಕಡೆ ಬಿದ್ದ ಪಿಕ್ಸೆಲ್‌ಗಳು ಪಾರಾಗುತ್ತವೆ, ದೂರದ ಕಡೆ ಬಿದ್ದವು ಹಾಗೇ ಉಳಿಯುತ್ತವೆ. ಚುಕ್ಕೆ ಕಡಿಮೆಯಾದದ್ದನ್ನು ನೋಡಿ ದೋಷ ಹೋಯಿತು ಅನ್ನಿಸುತ್ತದೆ, ಅಷ್ಟೇ.

ವ್ಯತ್ಯಾಸ ನೂರಾರು ಹೆಜ್ಜೆ ಇದ್ದಾಗ ಹುಡುಕಬೇಕಾದದ್ದು ಬೇರೆ. ತೇರಿನ ಪತಾಕೆಗಳು ಗಾಳಿಗೆ ಅಲುಗುತ್ತಿವೆ ಎಂದುಕೊಳ್ಳಿ. ಅಲುಗಾಟ ಶೇಡರಿನಲ್ಲಿದೆ, ಅದಕ್ಕೆ ಸಮಯ ಬೇಕು. ಪ್ರತಿ ಪಾಸಿನಲ್ಲೂ ಗಡಿಯಾರವನ್ನು ಹೊಸದಾಗಿ ಓದಿದರೆ ಪ್ರೀಪಾಸಿನ ಪತಾಕೆಗೂ ದೀಪದ ಪಾಸಿನ ಪತಾಕೆಗೂ ಕೆಲವು ಮಿಲಿಸೆಕೆಂಡ್ ಅಂತರ ಬರುತ್ತದೆ. ಗೋಡೆಗಳೆಲ್ಲ ಸರಿ ಇದ್ದು ಅಲುಗುವ ವಸ್ತುಗಳಲ್ಲಿ ಮಾತ್ರ ದೋಷ ಕಂಡರೆ ಇದೇ. ಫ್ರೇಮಿನ ಶುರುವಿನಲ್ಲಿ ಒಮ್ಮೆ ಓದಿ, ಎಲ್ಲರಿಗೂ ಅದನ್ನೇ ಕೊಡಿ. ಅಂಚುಗಳನ್ನು ನಯ ಮಾಡಲು ಕ್ಯಾಮೆರಾವನ್ನು ಪ್ರತಿ ಫ್ರೇಮಿಗೆ ಅರ್ಧ ಪಿಕ್ಸೆಲ್ ಅಲುಗಿಸುವ ವಿಧಾನ ಬಳಸುತ್ತಿದ್ದರೆ ಆ ಅಲುಗಾಟವೂ ಎಲ್ಲ ಪಾಸ್‌ಗಳಿಗೆ ಒಂದೇ ಇರಬೇಕು. ದೂರಕ್ಕೆ ತಕ್ಕಂತೆ ಸರಳ ಮಾದರಿ ಆರಿಸುವ ಕೆಲಸವೂ ಫ್ರೇಮಿಗೆ ಒಮ್ಮೆ ನಡೆಯಲಿ. ಇನ್ನೊಂದು ಸುಲಭಕ್ಕೆ ಹೊಳೆಯದ ಕಾರಣ: ಪ್ರೀಪಾಸ್ ಬೇಗ ಮುಗಿಯಲಿ ಎಂದು ಸ್ಥಾನಗಳನ್ನು 16 ಬಿಟ್‌ಗೆ ಕುಗ್ಗಿಸಿ ಕೊಟ್ಟು, ಮುಖ್ಯ ಪಾಸಿಗೆ 32 ಬಿಟ್ ಸ್ಥಾನ ಕೊಟ್ಟಿರುವುದು. ಎರಡೂ ಒಂದೇ ಬಫರಿನಿಂದ ಬರಲೇಬೇಕು.

ಕರಾವಳಿಯ ದೃಶ್ಯ ಎಂದಮೇಲೆ ತೆಂಗಿನ ಗರಿ ಇಲ್ಲದೆ ಆಗುತ್ತದಾ? ಗರಿ ಎಂದರೆ ಮಾದರಿಯಲ್ಲಿ ಒಂದು ಚಪ್ಪಟೆ ಚೌಕ, ಅದರ ಮೇಲೆ ತೂತುಗಳಿರುವ ಚಿತ್ರ. ಪ್ರೀಪಾಸಿನಲ್ಲಿ ತೂತಿನ ಪಿಕ್ಸೆಲ್‌ಗಳನ್ನು ಕೈಬಿಡದೆ ಹೋದರೆ ಇಡೀ ಚೌಕದ ಆಳ ಬರೆದುಹೋಗುತ್ತದೆ. ಆಮೇಲೆ ಹಿಂದಿನ ಆಕಾಶವಾಗಲಿ ಗೋಡೆಯಾಗಲಿ ಅಲ್ಲಿ ಬರುವುದಿಲ್ಲ, ಗರಿಯ ಸುತ್ತ ಕಪ್ಪು ಚೌಕ ನಿಲ್ಲುತ್ತದೆ. ಪ್ರೀಪಾಸಿನಲ್ಲೂ ಅದೇ ಚಿತ್ರ, ಅದೇ ಮಿತಿ ಇಟ್ಟು ಕೈಬಿಡಬೇಕು. ಪ್ರೀಪಾಸ್ ಸರಿಯಾಗಿ ಕೈಬಿಟ್ಟಿದ್ದರೆ 'ಈಕ್ವಲ್' ಹೋಲಿಕೆಯ ಮುಖ್ಯ ಪಾಸಿನಲ್ಲಿ ಮತ್ತೆ ಕೈಬಿಡುವ ಅಗತ್ಯವಿಲ್ಲ. ಅದು ವೇಗಕ್ಕೂ ಒಳ್ಳೆಯದು.

ಆರು ಕಿಲೋಮೀಟರ್ ಆಚೆಯ ದ್ವೀಪ

ಡೆಪ್ತ್ ಬಫರಿನ ಕಲ್ಪನೆ 1974ರಷ್ಟು ಹಳೆಯದು. ವೋಲ್ಫ್‌ಗ್ಯಾಂಗ್ ಸ್ಟ್ರಾಸರ್ ಮತ್ತು ಎಡ್ ಕ್ಯಾಟ್ಮಲ್ ಆ ವರ್ಷದ ತಮ್ಮ ತಮ್ಮ ಪ್ರಬಂಧಗಳಲ್ಲಿ ಇದನ್ನು ಬರೆದರು. ಮೂಲ ಯೋಚನೆ ಇಂದಿಗೂ ಅದೇ: ಪ್ರತಿ ಪಿಕ್ಸೆಲಿಗೂ ಒಂದು ಆಳ ಇಡು, ಹೊಸದು ಹತ್ತಿರವಿದ್ದರೆ ಬದಲಿಸು. ತೊಂದರೆ ಬರುವುದು ಆ ಆಳವನ್ನು ಹಂಚುವ ರೀತಿಯಲ್ಲಿ. ಪರ್ಸ್ಪೆಕ್ಟಿವ್ ನೋಟದಲ್ಲಿ ಬಫರಿನಲ್ಲಿ ಉಳಿಯುವುದು ದೂರವಲ್ಲ, ಒಂದನ್ನು ದೂರದಿಂದ ಭಾಗಿಸಿದ ಬೆಲೆಯ ಒಂದು ರೂಪ. ಹಾಗಾಗಿ ನಿಯರ್ ಪ್ಲೇನಿನಿಂದ ಅದರ ಎರಡರಷ್ಟು ದೂರದ ಒಳಗೆ ಅರ್ಧದಷ್ಟು ಬೆಲೆಗಳು ಖರ್ಚಾಗಿಬಿಡುತ್ತವೆ. ನಿಯರ್ 0.1 ಮೀಟರ್ ಇದ್ದರೆ ಕಣ್ಣಿನ ಮುಂದಿನ 10ರಿಂದ 20 ಸೆಂಟಿಮೀಟರಿಗೆ ಅರ್ಧ ಬಫರ್. ಉಳಿದರ್ಧದಲ್ಲಿ ಇಡೀ ಮಲ್ಪೆ ಕಡಲು.

ಲೆಕ್ಕ ಹಾಕಲು ಸುಲಭದ ಸೂತ್ರ ಇದೆ. ಫಾರ್ ಪ್ಲೇನ್ (ನೋಟದ ಅತಿ ದೂರದ ಗಡಿ) ತುಂಬ ದೂರವಿದ್ದಾಗ, ಒಂದು ದೂರದಲ್ಲಿ ಬಫರ್ ಬೇರ್ಪಡಿಸಬಲ್ಲ ಅತಿ ಸಣ್ಣ ಅಂತರ ಎಂದರೆ ಆ ದೂರದ ವರ್ಗವನ್ನು ನಿಯರ್ ಮತ್ತು ಹೆಜ್ಜೆಗಳ ಸಂಖ್ಯೆಯ ಗುಣಲಬ್ಧದಿಂದ ಭಾಗಿಸಿದಷ್ಟು. 24 ಬಿಟ್, ನಿಯರ್ 0.1 ಮೀಟರ್ ಇಟ್ಟು ನೋಡೋಣ. ರಥಬೀದಿಯಲ್ಲಿ 50 ಮೀಟರ್ ದೂರದ ಮಾಡಿನ ಮೇಲೆ ಒಂದು ಹೆಜ್ಜೆ 1.5 ಮಿಲಿಮೀಟರ್. ಏನೂ ತೊಂದರೆಯಿಲ್ಲ. 1 ಕಿಲೋಮೀಟರಿನಲ್ಲಿ 60 ಸೆಂಟಿಮೀಟರ್. ಮಲ್ಪೆಯಿಂದ ಸುಮಾರು 6 ಕಿಲೋಮೀಟರ್ ಆಚೆಯ ಸೈಂಟ್ ಮೇರೀಸ್ ದ್ವೀಪದಲ್ಲಿ ಒಂದು ಹೆಜ್ಜೆ 21 ಮೀಟರಿಗೂ ಜಾಸ್ತಿ. ಲಾವಾ ತಣಿದು ಷಟ್ಕೋನದ ಕಂಬಗಳಾದ ಆ ಬಂಡೆಗಳು, ಅವುಗಳ ಹಿಂದಿನ ತೆಂಗು, ಮುಂದಿನ ನೀರು ಎಲ್ಲ ಒಂದೇ ಆಳಕ್ಕೆ ಬಿದ್ದು ಕಿತ್ತಾಡುತ್ತವೆ.

ಈಗ ನಿಯರ್ 1 ಮೀಟರ್ ಮಾಡಿ. ದ್ವೀಪದಲ್ಲಿ ಹೆಜ್ಜೆ 2.1 ಮೀಟರಿಗೆ ಇಳಿಯುತ್ತದೆ. ಅದೇ ಫಾರ್ ಪ್ಲೇನನ್ನು 50 ಕಿಲೋಮೀಟರಿನಿಂದ 10ಕ್ಕೆ ಎಳೆದರೆ ಏನೂ ಲಾಭವಿಲ್ಲ ಅನ್ನುವಷ್ಟು ಕಡಿಮೆ ವ್ಯತ್ಯಾಸ. ಸೂತ್ರದಲ್ಲಿ ಫಾರ್ ಇಲ್ಲವೇ ಇಲ್ಲ, ಗಮನಿಸಿದಿರಲ್ವಾ? ಆದರೂ ಜನ ಸುಮ್ನೆ ಫಾರ್ ಪ್ಲೇನ್ ಹಿಂದೆಮುಂದೆ ಮಾಡುತ್ತಾ ಕೂರುತ್ತಾರೆ.

16 ಬಿಟ್ ಬಫರ್ ಸಿಕ್ಕಿಬಿಟ್ಟರೆ ರಥಬೀದಿಯೂ ಉಳಿಯುವುದಿಲ್ಲ. ಅದೇ 50 ಮೀಟರಿನಲ್ಲಿ ಹೆಜ್ಜೆ 38 ಸೆಂಟಿಮೀಟರ್. ವೆಬ್‌ಜಿಎಲ್ ತೆರೆಯ ಬಫರಿಗೆ ಕೊಡುವ ಖಾತ್ರಿ ಕನಿಷ್ಠ 16 ಬಿಟ್ ಮಾತ್ರ. ಹಾಗಾಗಿ 'ನನ್ನ ಲ್ಯಾಪ್‌ಟಾಪಿನಲ್ಲಿ ಸರಿ, ಫೋನಿನಲ್ಲಿ ಇಲ್ಲ' ಎಂಬ ದೂರು ಬಂದರೆ ಎಷ್ಟು ಬಿಟ್ ಸಿಕ್ಕಿದೆ ಎಂದು ಮೊದಲು ಕೇಳಿ ನೋಡಿ. ವೆಬ್‌ಜಿಎಲ್ 2ರಲ್ಲಿ ನಮ್ಮದೇ ಬಫರ್ ಮಾಡಿಕೊಂಡರೆ 24 ಬಿಟ್ ಅಥವಾ 32 ಬಿಟ್ ಫ್ಲೋಟ್ ಎಂದು ಹೆಸರಿಟ್ಟು ಕೇಳಬಹುದು.

ನಿಯರ್ 1 ಮೀಟರ್ ಮಾಡಲು ಆಗದ ದೃಶ್ಯಗಳಿರುತ್ತವೆ. ಕೈಯಲ್ಲಿ ಹಣತೆ ಹಿಡಿದು ನಡೆಯುವ ನೋಟದಲ್ಲಿ ಹಣತೆ ಅರ್ಧ ಮೀಟರಿನಲ್ಲೇ ಇದೆ. ಅಲ್ಲಿ ನಾನು ಯೋಚಿಸದೆ ಆರಿಸುವುದು ತಿರುಗಿಸಿದ ಡೆಪ್ತ್, 32 ಬಿಟ್ ಫ್ಲೋಟ್ ಬಫರಿನ ಜೊತೆ. ನಿಯರ್‌ಗೆ 1, ಫಾರ್‌ಗೆ 0. ಫ್ಲೋಟ್ ಸಂಖ್ಯೆಗಳು ಸೊನ್ನೆಯ ಹತ್ತಿರ ತುಂಬ ದಟ್ಟವಾಗಿರುತ್ತವೆ. ಪರ್ಸ್ಪೆಕ್ಟಿವ್ ದೂರದ ಬೆಲೆಗಳನ್ನು ಒತ್ತೊತ್ತಾಗಿ ಕೂಡಿಸುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬಿಬಿಡುತ್ತದೆ.

ತಿರುಗಿಸುವಾಗ ಬದಲಿಸಬೇಕಾದ ಜಾಗಗಳು ಹಲವು, ಒಂದನ್ನು ಬಿಟ್ಟರೂ ಹೊಸ ದೋಷ. ಪ್ರೊಜೆಕ್ಷನ್ ಮ್ಯಾಟ್ರಿಕ್ಸ್. ಅಳಿಸುವ ಬೆಲೆ 1 ಇದ್ದದ್ದು 0. 'ಲೆಸ್' ಇದ್ದ ಕಡೆ 'ಗ್ರೇಟರ್'. ಆಫ್‌ಸೆಟ್‌ನ ಚಿಹ್ನೆ ಉಲ್ಟಾ. ಡೆಪ್ತ್ ಓದಿ ದೂರ ಕಂಡುಹಿಡಿಯುವ ಪ್ರತಿ ಶೇಡರ್, ಅಂದರೆ ಮಂಜು, ಹೊಗೆ, ಮೂಲೆಗಳ ನೆರಳು. ಆಕಾಶವನ್ನು ತುದಿಯಲ್ಲಿ ಬಿಡಿಸುವ ಬೆಲೆ. ಓಪನ್‌ಜಿಎಲ್‌ನಲ್ಲಿ ಇನ್ನೊಂದು ತೊಡಕು: ಅದರ ಮೂಲ ವ್ಯಾಪ್ತಿ −1ರಿಂದ 1. ಅದನ್ನು 0ಯಿಂದ 1ಕ್ಕೆ ತರುವ ಕೂಡಿಕೆಯಲ್ಲೇ ಗಳಿಸಿದ ನಿಖರತೆ ಕಳೆದುಹೋಗುತ್ತದೆ. ಅದಕ್ಕೆ 2014ರ ಓಪನ್‌ಜಿಎಲ್ 4.5ರಲ್ಲಿ ಬಂದ ಕ್ಲಿಪ್ ಕಂಟ್ರೋಲ್ ಬೇಕು. ವಲ್ಕನ್, ಮೆಟಲ್, ಡೈರೆಕ್ಟ್‌3ಡಿ, ವೆಬ್‌ಜಿಪಿಯುಗಳಲ್ಲಿ ವ್ಯಾಪ್ತಿ ಮೊದಲೇ 0ಯಿಂದ 1. ಲಾಗರಿದಮ್ ಆಧಾರದ ಡೆಪ್ತ್ ಕೂಡ ಇದೆ. ಆದರೆ ಅದಕ್ಕಾಗಿ ಫ್ರಾಗ್ಮೆಂಟ್ ಶೇಡರಿನಲ್ಲಿ (ಪಿಕ್ಸೆಲಿನ ಲೆಕ್ಕ ಹಾಕುವ ಶೇಡರಿನಲ್ಲಿ) ಆಳ ಬರೆದರೆ ಮೊದಲೇ ನಡೆಯುವ ಡೆಪ್ತ್ ಪರೀಕ್ಷೆ ಕೈತಪ್ಪುತ್ತದೆ. ಅಷ್ಟೊಂದು ದೀಪದ ಪಾಸ್‌ಗಳಿರುವಲ್ಲಿ ಅದು ದುಬಾರಿ.

ಡೆಪ್ತಿನಂತೆ ಕಾಣುವ, ಡೆಪ್ತ್ ಅಲ್ಲದ ನಡುಕ

ನಮ್ಮ ಊರುಗಳ ನಕ್ಷೆಯಿಂದ ಮಾದರಿ ಮಾಡುವವರಿಗೆ ಇದು ತಪ್ಪದೆ ಎದುರಾಗುತ್ತದೆ. ಉಡುಪಿಯೂ ಮಂಗಳೂರೂ ಯುಟಿಎಂ ಎಂಬ, ಮೀಟರಿನಲ್ಲಿ ಸ್ಥಾನ ಹೇಳುವ ನಕ್ಷೆ ಪದ್ಧತಿಯ 43ನೇ ಉತ್ತರ ವಲಯದಲ್ಲಿ ಬರುತ್ತವೆ. ಉಡುಪಿ ಭೂಮಧ್ಯರೇಖೆಯಿಂದ 13.3 ಡಿಗ್ರಿ ಉತ್ತರಕ್ಕಿದೆ. ಹಾಗಾಗಿ ಅದರ ಉತ್ತರದ ಅಂಕಿ ಸುಮಾರು 14.75 ಲಕ್ಷ ಮೀಟರ್, ಪೂರ್ವದ ಅಂಕಿ 4.7 ಲಕ್ಷ ಮೀಟರಿನ ಆಸುಪಾಸು. ಈ ಅಂಕಿಗಳನ್ನು ಹಾಗೇ 32 ಬಿಟ್ ಫ್ಲೋಟಿಗೆ ಹಾಕಿದರೆ ಏನಾಗುತ್ತದೆ? 14.75 ಲಕ್ಷದ ಮಟ್ಟದಲ್ಲಿ ಪಕ್ಕಪಕ್ಕದ ಎರಡು ಫ್ಲೋಟ್ ಸಂಖ್ಯೆಗಳ ಅಂತರ 12.5 ಸೆಂಟಿಮೀಟರ್. ಪೂರ್ವದ ಅಂಕಿಯಲ್ಲಿ 3 ಸೆಂಟಿಮೀಟರ್. ವೆಬ್ ನಕ್ಷೆಗಳ ಮರ್ಕೇಟರ್ ಅಂಕಿ ಬಳಸಿದರೆ ಇನ್ನೂ ಕೆಟ್ಟದು: ಪೂರ್ವದ ಅಂಕಿ 83 ಲಕ್ಷ ದಾಟುತ್ತದೆ, ಅಂತರ ಅರ್ಧ ಮೀಟರ್.

ಹೆಂಚು, ಪಕಾಸಿ, ಕಿಟಕಿಯ ಸರಳು ಎಲ್ಲ ಈ 12.5 ಸೆಂಟಿಮೀಟರಿನ ಜಾಲರಿಗೆ ಅಂಟಿಕೊಳ್ಳುತ್ತವೆ. ಬೇರೆ ಬೇರೆ ಇರಬೇಕಾದ ಮೇಲ್ಮೈಗಳು ಒಂದರ ಮೇಲೊಂದು ಬಂದು ಕೂರುತ್ತವೆ, ಕ್ಯಾಮೆರಾ ನಿಧಾನ ಸರಿದಾಗ ಕಟ್ಟಡವೇ ನಡುಗುತ್ತದೆ. ನೋಡಿದರೆ ಝಡ್-ಫೈಟಿಂಗ್ (ಎರಡು ಮೇಲ್ಮೈಗಳ ಆಳದ ಜಗಳ) ಥರವೇ ಕಾಣುತ್ತದೆ. ನಿಯರ್ ಬದಲಿಸಿ, ಆಫ್‌ಸೆಟ್ ಹಾಕಿ, ತಿರುಗಿಸಿದ ಡೆಪ್ತ್ ತನ್ನಿ, ಯಾವುದಕ್ಕೂ ಜಗ್ಗುವುದಿಲ್ಲ. ಗುರುತಿಸುವುದು ಸುಲಭ. ಒಂದೇ ಪಾಸ್ ಇಟ್ಟು ಬರೀ ಗೆರೆಗಳ ರೂಪದಲ್ಲಿ ಬಿಡಿಸಿ. ಗೆರೆಗಳೂ ನಡುಗಿದರೆ ಡೆಪ್ತನ್ನು ಬಿಟ್ಟುಬಿಡಿ, ಅಂಕಿಗಳನ್ನು ನೋಡಿ.

ಮಾದರಿ ತಯಾರಿಸುವಾಗಲೇ ರಥಬೀದಿಯ ಒಂದು ಬಿಂದುವನ್ನು ಮೂಲವಾಗಿಟ್ಟು, 64 ಬಿಟ್ ಲೆಕ್ಕದಲ್ಲಿ ಅದನ್ನು ಎಲ್ಲದರಿಂದ ಕಳೆದು, ಆಮೇಲೆ 32 ಬಿಟ್‌ಗೆ ಇಳಿಸಿ. ಮಂಗಳೂರಿನಿಂದ ಉಡುಪಿಯವರೆಗಿನ ದೊಡ್ಡ ದೃಶ್ಯವಾದರೆ ಒಂದು ಮೂಲ ಸಾಲದು. ಪ್ರತಿ ಫ್ರೇಮಿನಲ್ಲೂ ಕ್ಯಾಮೆರಾದ ಸ್ಥಾನವನ್ನೇ ಮೂಲವಾಗಿ ಮಾಡಿಕೊಳ್ಳಬೇಕು. ಈ ಕಳೆಯುವ ಕೆಲಸ ಸಿಪಿಯುನಲ್ಲಿ ನಡೆಯಬೇಕು. ಶೇಡರಿನಲ್ಲಿ ಕಳೆದರೆ ಅಂಕಿ ಆಗಲೇ ಕೆಟ್ಟಿರುತ್ತದೆ.

ಸ್ಥಾನ ಸರಿ, ನಿಯಮ ತಪ್ಪು

ತೇರಿನ ಆಕಾರದ ತೂತು ಉಳಿಯುವ ದೋಷಕ್ಕೆ ಓಪನ್‌ಜಿಎಲ್‌ನಲ್ಲಿ ಬಹುತೇಕ ಒಂದೇ ಕಾರಣ. ಹೊಗೆಯ ಪಾಸಿನಲ್ಲಿ ಡೆಪ್ತ್ ಮಾಸ್ಕ್ (ಆಳ ಬರೆಯಲು ಬಿಡುವ ಸ್ವಿಚ್) ಮುಚ್ಚಿ, ಮತ್ತೆ ತೆರೆದಿರುವುದಿಲ್ಲ. ಮುಂದಿನ ಫ್ರೇಮಿನ ಕ್ಲಿಯರ್ ಆಜ್ಞೆಯೂ ಆ ಮಾಸ್ಕಿಗೆ ಬದ್ಧ. ಬಣ್ಣ ಅಳಿಯುತ್ತದೆ, ಆಳ ಅಳಿಯುವುದಿಲ್ಲ. ತೇರು ಮುಂದೆ ಹೋದರೂ ಅದರ ಹಳೆಯ ಆಳ ಅಲ್ಲೇ ಕೂತು ಹಿಂದಿನ ಗೋಡೆಯನ್ನು ತಡೆಯುತ್ತದೆ. ಮೊದಲ ಫ್ರೇಮ್ ಮಾತ್ರ ಸರಿ ಇರುವುದು ಇದರ ಗುರುತು. ಬಿಡಿಸುವ ಜಾಗಕ್ಕೆ ಮಿತಿ ಹಾಕುವ ಸಿಸರ್ ಚೌಕವೂ ಹಾಗೇ, ಕ್ಲಿಯರ್ ಅದರ ಒಳಗೆ ಮಾತ್ರ ನಡೆಯುತ್ತದೆ. ಕ್ಲಿಯರ್‌ಗೆ ಮುಂಚೆ ಮಾಸ್ಕ್ ತೆರೆದು ಸಿಸರ್ ನಿಲ್ಲಿಸುವ ಎರಡು ಸಾಲು ಯಾವಾಗಲೂ ಇರಲಿ. ಡೈರೆಕ್ಟ್‌3ಡಿಯಲ್ಲಿ ಡೆಪ್ತ್ ಅಳಿಸುವಿಕೆ ಬರವಣಿಗೆಯ ಮಾಸ್ಕಿಗೆ ಒಳಪಡುವುದಿಲ್ಲ. ಅಲ್ಲಿಂದ ಬಂದವರು ಇಲ್ಲಿ ಎಡವುವುದು ಅದಕ್ಕೇ.

ಡೆಪ್ತ್ ಪರೀಕ್ಷೆ ನಿಲ್ಲಿಸಿದರೆ ಓಪನ್‌ಜಿಎಲ್‌ನಲ್ಲಿ ಬರವಣಿಗೆಯೂ ನಿಲ್ಲುತ್ತದೆ. ಪರೀಕ್ಷೆ ಬೇಡ, ಬರವಣಿಗೆ ಬೇಕು ಎಂದಾದರೆ ಪರೀಕ್ಷೆ ಇಟ್ಟುಕೊಂಡೇ ಹೋಲಿಕೆಯನ್ನು 'ಆಲ್ವೇಸ್' ಮಾಡಬೇಕು. ಹೋಲಿಕೆ 'ಲೆಸ್' ಆಗಿಯೇ ಉಳಿದಿದ್ದರೆ ಎರಡನೇ ಪಾಸ್ ಪೂರ್ತಿ ಮಾಯ, ಏಕೆಂದರೆ ಸರಿಸಮ ಆಳ 'ಲೆಸ್' ಅಲ್ಲ. ದೀಪ ಹಚ್ಚಿದರೂ ಬೀದಿ ಮಂದವಾಗಿಯೇ ಇದ್ದರೆ ಇಲ್ಲಿ ನೋಡಿ. ಪ್ರೀಪಾಸ್ ಇಲ್ಲದೆ ಬೆಳಕು ಕೂಡಿಸಿದರೆ ತೊಂದರೆ ಇನ್ನೊಂದು ದಿಕ್ಕಿನದು: ಹಿಂದಿನ ಗೋಡೆ ಮೊದಲು ಬಿಡಿಸಿ ಮುಂದಿನ ಕಂಬ ಆಮೇಲೆ ಬಂದರೆ ಕಂಬದ ಮೇಲೆ ಎರಡರ ಬೆಳಕೂ ಕೂಡಿ ಬಿಳಿಚಿಕೊಳ್ಳುತ್ತದೆ.

ಬಫರ್ ಬದಲಾದಾಗ, ಬಫರ್ ಖಾಲಿಯಾದಾಗ

ದೀಪದ ಪ್ರಭೆ ತೋರಿಸಲು ದೃಶ್ಯವನ್ನು ಮೊದಲು ತೆರೆಯ ಬದಲು ಬೇರೆ ಫ್ರೇಮ್‌ಬಫರಿನಲ್ಲಿ (ಬಣ್ಣ, ಆಳಗಳನ್ನು ಹಿಡಿದಿಡುವ ಜಾಗದಲ್ಲಿ) ಬಿಡಿಸುತ್ತೇವೆ. ಅದಕ್ಕೆ ಬಣ್ಣದ ಟೆಕ್ಸ್‌ಚರ್ ಮಾತ್ರ ಜೋಡಿಸಿ ಡೆಪ್ತ್ ಮರೆತರೆ ಯಾವ ದೋಷ ಸೂಚನೆಯೂ ಬರುವುದಿಲ್ಲ. ಪರೀಕ್ಷೆ ಯಾವಾಗಲೂ ಪಾಸಾಗುತ್ತದೆ, ಕೊನೆಗೆ ಬಿಡಿಸಿದ್ದು ಮೇಲೆ ಕೂರುತ್ತದೆ. ದೃಶ್ಯ ಒಂದು ಬಫರಿನಲ್ಲಿ, ಜ್ವಾಲೆಗಳು ಇನ್ನೊಂದರಲ್ಲಿ ಇದ್ದರೆ ಚಂದ್ರಮೌಳೀಶ್ವರ ಗುಡಿಯ ಹಿಂದಿನ ಹಣತೆ ಗೋಡೆ ಸೀಳಿಕೊಂಡು ಕಾಣುತ್ತದೆ. ಎರಡೂ ಫ್ರೇಮ್‌ಬಫರಿಗೆ ಒಂದೇ ಡೆಪ್ತ್ ಟೆಕ್ಸ್‌ಚರ್ ಜೋಡಿಸುವುದು ಒಳ್ಳೆಯ ದಾರಿ. ಬ್ಲಿಟ್ ಮಾಡಿ ನಕಲಿಸುವುದಾದರೆ ಎರಡರ ಡೆಪ್ತ್ ಫಾರ್ಮ್ಯಾಟ್ ಒಂದೇ ಇರಬೇಕು, ಫಿಲ್ಟರ್ 'ನಿಯರೆಸ್ಟ್' ಇರಬೇಕು. ಇಲ್ಲದಿದ್ದರೆ ನಕಲು ನಡೆಯುವುದಿಲ್ಲ, ದೋಷದ ಸಂಕೇತವನ್ನು ನಾವಾಗಿ ಕೇಳದ ಹೊರತು ಗೊತ್ತೂ ಆಗುವುದಿಲ್ಲ.

ಆಳವನ್ನು ಎಂದಿಗೂ ಸರಾಸರಿ ಮಾಡಬಾರದು. ಹೊಗೆಯನ್ನು ಅರ್ಧ ಗಾತ್ರದಲ್ಲಿ ಬಿಡಿಸಲು ಡೆಪ್ತನ್ನು ಅರ್ಧಕ್ಕೆ ಇಳಿಸುತ್ತೇವೆ. ಕಂಬದ ಅಂಚಿನಲ್ಲಿ ಕಂಬದ ಆಳ, ಗೋಡೆಯ ಆಳ ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವ ಬೆಲೆಯಲ್ಲಿ ಯಾವ ವಸ್ತುವೂ ಇಲ್ಲ. ಅಂಚಿನ ಸುತ್ತ ಬಿಳಿ ಗೆರೆ ಬರುವುದು ಅದಕ್ಕೇ. ಅತಿ ಹತ್ತಿರದ್ದು ಅಥವಾ ಅತಿ ದೂರದ್ದು, ಎರಡರಲ್ಲಿ ಒಂದನ್ನು ಆರಿಸಿ. ಒಂದು ಪಿಕ್ಸೆಲಿಗೆ ಹಲವು ಬೆಲೆ ಇಡುವ ಮಲ್ಟಿಸ್ಯಾಂಪಲ್ ಬಫರನ್ನು ಇಳಿಸುವಾಗಲೂ ಇದೇ ಮಾತು.

ಜೋಡಿಸಿರುವ ಡೆಪ್ತ್ ಟೆಕ್ಸ್‌ಚರನ್ನೇ ಅದೇ ಪಾಸಿನಲ್ಲಿ ಓದಬೇಡಿ. ಓಪನ್‌ಜಿಎಲ್‌ನಲ್ಲಿ ಫಲಿತಾಂಶಕ್ಕೆ ಖಾತ್ರಿ ಇಲ್ಲ, ವೆಬ್‌ಜಿಎಲ್ ಆ ಡ್ರಾ ಕಾಲನ್ನೇ ತಿರಸ್ಕರಿಸುತ್ತದೆ. ವಲ್ಕನ್‌ನಲ್ಲಿ ಓದಲು ಮಾತ್ರ ಎಂಬ ಲೇಔಟ್ ಬಳಸಿ, ಬರವಣಿಗೆ ನಿಲ್ಲಿಸಿ ಓದಬಹುದು.

ಫೋನಿನ ಜಿಪಿಯುಗಳು ತೆರೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಒಂದೊಂದನ್ನೂ ಚಿಪ್ಪಿನ ಒಳಗಿನ ನೆನಪಿನಲ್ಲಿ ಮುಗಿಸುತ್ತವೆ. ಪಾಸ್ ಮುಗಿದಾಗ ಡೆಪ್ತನ್ನು ಹೊರಗಿನ ನೆನಪಿಗೆ ಬರೆಯಬೇಕೇ ಬೇಡವೇ ಎಂದು ನಾವು ಹೇಳಬೇಕು. ಬೇಡ ಎಂದಿದ್ದರೆ ಮುಂದಿನ ಪಾಸಿಗೆ ಸಿಗುವುದು ಕಸ. ಡೆಸ್ಕ್‌ಟಾಪಿನಲ್ಲಿ ಹಳೆಯ ಬೆಲೆ ಹಾಗೇ ಉಳಿದಿರುವುದು ಸಾಮಾನ್ಯ, ಹಾಗಾಗಿ ತಪ್ಪು ಅಲ್ಲಿ ಕಾಣುವುದೇ ಇಲ್ಲ. ಫೋನಿನಲ್ಲಿ ಚೌಕ ಚೌಕವಾಗಿ ಕೆಟ್ಟು ಕಂಡರೆ ಪ್ರೀಪಾಸಿನ ಸ್ಟೋರ್ ಆಯ್ಕೆ, ಮುಂದಿನ ಪಾಸಿನ ಲೋಡ್ ಆಯ್ಕೆ ಎರಡನ್ನೂ ನೋಡಿ. ವಲ್ಕನ್ ಆದರೆ ಮೊದಲನೆಯದು ಮುಗಿಯುವವರೆಗೆ ಎರಡನೆಯದನ್ನು ಕಾಯಿಸುವ ಬ್ಯಾರಿಯರ್ ಕೂಡ. ವಲ್ಕನ್ ಬಳಕೆಯ ತಪ್ಪು ಹೇಳುವ ವ್ಯಾಲಿಡೇಷನ್ ಲೇಯರಿನಲ್ಲಿ ಸಿಂಕ್ರೊನೈಸೇಷನ್ ಪರೀಕ್ಷೆಯನ್ನು ಬೇರೆಯಾಗಿ ಚಾಲೂ ಮಾಡಿದರೆ ಬಿಟ್ಟುಹೋದ ಬ್ಯಾರಿಯರನ್ನು ಅದು ಹೇಳುತ್ತದೆ.

ಆಫ್‌ಸೆಟ್ ನಿಜಕ್ಕೂ ಬೇಕಾಗುವ ಜಾಗ

ರಂಗೋಲಿ ನೆಲದ ಮೇಲೆಯೇ ಇದೆ, ಅದರ ತ್ರಿಕೋನಗಳು ನೆಲದವಲ್ಲ. ಇಲ್ಲಿ ಜಗಳ ಸಹಜ. ರಂಗೋಲಿಯನ್ನು 1 ಸೆಂಟಿಮೀಟರ್ ಮೇಲೆತ್ತಿದರೆ ನಿಂತು ನೋಡುವ ಎತ್ತರದಿಂದ ಸರಿ ಕಾಣುತ್ತದೆ. ಡ್ರೋನ್ ಥರ ನೇರ ಮೇಲಿನಿಂದ ನೋಡಿದಾಗ, ನಿಯರ್ 0.1 ಮತ್ತು 24 ಬಿಟ್‌ನಲ್ಲಿ, ಸುಮಾರು 130 ಮೀಟರ್ ಎತ್ತರ ದಾಟಿದ ಮೇಲೆ ಆ 1 ಸೆಂಟಿಮೀಟರ್ ಒಂದು ಹೆಜ್ಜೆಗಿಂತ ಕಡಿಮೆ. ರಂಗೋಲಿ ಮತ್ತೆ ಮಿನುಗುತ್ತದೆ. ಹತ್ತಿರ ಬಂದರೆ ತೇಲಿದಂತೆ ಕಾಣುತ್ತದೆ.

ಪಾಲಿಗಾನ್ ಆಫ್‌ಸೆಟ್ ಇರುವುದು ಇದಕ್ಕೆ. ಅದರಲ್ಲಿ ಎರಡು ಸಂಖ್ಯೆ. ಒಂದು ಮೇಲ್ಮೈಯ ಇಳಿಜಾರಿನಿಂದ ಗುಣಿಸಿಕೊಳ್ಳುತ್ತದೆ, ಇನ್ನೊಂದು ಬಫರಿನ ಅತಿ ಸಣ್ಣ ಹೆಜ್ಜೆಯಿಂದ. ಎರಡಕ್ಕೂ −1 ಇಟ್ಟು ಶುರು ಮಾಡಿ. ಓರೆಯಾಗಿ ನೋಡಿದಾಗ ಮಾತ್ರ ಮಿನುಗಿದರೆ ಮೊದಲನೆಯದನ್ನು ಹೆಚ್ಚಿಸಿ. ಎರಡನೆಯದನ್ನು ಸಾವಿರಗಟ್ಟಲೆ ಮಾಡಬೇಕಾಗಿ ಬಂದರೆ ನಿಲ್ಲಿಸಿ, ಇದು ನಿಖರತೆಯ ದೋಷ, ಹಿಂದಿನ ಭಾಗಕ್ಕೆ ಹೋಗಿ. ರಂಗೋಲಿಯ ಪಾಸಿನಲ್ಲಿ ಡೆಪ್ತ್ ಬರವಣಿಗೆ ಮುಚ್ಚಿರಲಿ. ರಂಗೋಲಿಯನ್ನು ನೆಲದ ಅದೇ ತ್ರಿಕೋನಗಳ ಮೇಲೆ, ಅದೇ ಶೇಡರ್ ಲೆಕ್ಕದಲ್ಲಿ, 'ಈಕ್ವಲ್' ಹೋಲಿಕೆಯಲ್ಲಿ ಬಿಡಿಸಲು ಸಾಧ್ಯವಾದರೆ ಆಫ್‌ಸೆಟ್ಟೇ ಬೇಡ. ನನಗೆ ಇದೇ ಇಷ್ಟ.

ನೆರಳಿನ ನಕ್ಷೆಯಲ್ಲಿ (ದೀಪದ ಕಡೆಯಿಂದ ನೋಡಿ ಬರೆದ ಆಳದಲ್ಲಿ) ಪಟ್ಟೆ ಪಟ್ಟೆ ಬಂದರೂ ಇದೇ ಸಮತೋಲನ. ಬಯಾಸ್, ಅಂದರೆ ಹೋಲಿಸುವಾಗ ಆಳವನ್ನು ಸರಿಸುವ ಸಣ್ಣ ಸಂಖ್ಯೆ, ಕಡಿಮೆಯಾದರೆ ಪಟ್ಟೆ, ಜಾಸ್ತಿಯಾದರೆ ಕಂಬದ ಬುಡದಿಂದ ನೆರಳು ಬೇರ್ಪಡುತ್ತದೆ. ಹಣತೆಯ ಬೆಳಕು ಕೆಲವೇ ಮೀಟರ್ ಹೋಗುವುದು, ನೆರಳಿನ ಕ್ಯಾಮೆರಾದ ನಿಯರ್ ಅನ್ನು ಆದಷ್ಟು ಮುಂದೆ ತಳ್ಳಿ. ಪಾರದರ್ಶಕ ವಸ್ತುಗಳಿಗೆ ಪರೀಕ್ಷೆ ಇರಲಿ, ಬರವಣಿಗೆ ಬೇಡ, ದೂರದಿಂದ ಹತ್ತಿರಕ್ಕೆ ಬಿಡಿಸಿ.

ಸರಿಯಾದ ಮೇಲೆ ವ್ಯತ್ಯಾಸ ತೋರಿಸುವ ಆ ಪರೀಕ್ಷಾ ಶೇಡರನ್ನು ಅಳಿಸಬೇಡಿ. ಒಂದು ಕೀಲಿ ಒತ್ತಿದರೆ ಬರುವಂತೆ ಉಳಿಸಿಕೊಳ್ಳಿ. ಒಂದು ಮಾಡು, ಒಂದು ಪತಾಕೆ, ಒಂದು ತೆಂಗಿನ ಗರಿ, ಒಂದು ರಂಗೋಲಿ, 6 ಕಿಲೋಮೀಟರ್ ದೂರದಲ್ಲಿ ಒಂದು ಬಂಡೆ: ಇಷ್ಟಿರುವ ಸಣ್ಣ ದೃಶ್ಯ ಮಾಡಿಟ್ಟುಕೊಂಡು, ಶೇಡರ್ ತಿದ್ದಿದಾಗಲೆಲ್ಲ ಒಂದು ಡೆಸ್ಕ್‌ಟಾಪಿನಲ್ಲಿ, ಒಂದು ಫೋನಿನಲ್ಲಿ ಓಡಿಸಿ. ಮಾಡು ಮತ್ತು ಪತಾಕೆಯ ಮೇಲೆ ವ್ಯತ್ಯಾಸ ಸೊನ್ನೆಯೇ ಬರಬೇಕು. ಒಂದು ಹೆಜ್ಜೆ ಬಂದರೂ ಆ ತಿದ್ದುಪಡಿಯನ್ನು ಮುಂದೆ ಬಿಡಬೇಡಿ.